ಎಪಿಇ1 ಕಿಣ್ವವನ್ನು ತಡೆಯುವ ಸಂಯುಕ್ತ ಹುಡುಕುವುದು ಹೇಗೆ? ಬೆಂಚಿನ ಮೇಲಿನ ಹೆಜ್ಜೆಗಳು

ಪ್ರಾಜೆಕ್ಟಿಗೆ ಬಂದಿದ್ದ ಎಂ.ಎಸ್ಸಿ. ಹುಡುಗಿಯೊಬ್ಬಳು ಒಂದು ಸಂಜೆ ಪ್ಲೇಟ್ ರೀಡರ್ (ಪುಟ್ಟ ಗುಳಿಗಳಿರುವ ತಟ್ಟೆಯಲ್ಲಿ ಬೆಳಕು ಅಳೆಯುವ ಯಂತ್ರ) ಮುಂದೆ ನಿಂತು ಕೂಗಿದಳು: "ಸರ್, ಅರಿಶಿನ ಕೆಲಸ ಮಾಡ್ತಿದೆ!" ನಮ್ಮ ಪ್ರಯೋಗದಲ್ಲಿ ಎಪಿಇ1 ಎಂಬ ಡಿಎನ್‌ಎ ರಿಪೇರಿಯ ಕಿಣ್ವ ಡಿಎನ್‌ಎ ಕತ್ತರಿಸಿದಷ್ಟೂ ಬೆಳಕು ಏರುತ್ತದೆ, ಅದನ್ನು ತಡೆದರೆ ಬೆಳಕು ಕಮ್ಮಿ. ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ ಹಾಕಿದ್ದ ಗುಳಿಗಳಲ್ಲಿ, ಅಂದರೆ ವೆಲ್‌ಗಳಲ್ಲಿ ಬೆಳಕು ಅರ್ಧಕ್ಕೆ ಇಳಿದಿತ್ತು. ನಾನು ಒಂದೇ ಕೆಲಸ ಹೇಳಿದೆ. ಕಿಣ್ವ ಆಗಲೇ ಡಿಎನ್‌ಎಯನ್ನೆಲ್ಲ ಕತ್ತರಿಸಿ ಮುಗಿಸಿದ ಒಂದು ವೆಲ್ ತಗೋ, ಅದಕ್ಕೂ ಅಷ್ಟೇ ಕರ್ಕ್ಯುಮಿನ್ ಹಾಕು. ಹಾಕಿದಳು. ಅಲ್ಲೂ ಬೆಳಕು ಅರ್ಧಕ್ಕೆ ಇಳಿಯಿತು. ಕಿಣ್ವಕ್ಕೆ ಏನೂ ಆಗಿರಲಿಲ್ಲ. ಹಳದಿ ಬಣ್ಣ ಬೆಳಕನ್ನು ನುಂಗಿತ್ತು, ಅಷ್ಟೇ.

ಈ ಕೆಲಸದ ಕಷ್ಟ ಇರುವುದೇ ಇಲ್ಲಿ. ನಾವು ಅಳೆಯುವುದು ಬೆಳಕನ್ನು, ಕಿಣ್ವವನ್ನಲ್ಲ. ಬೆಳಕು ಕಮ್ಮಿಯಾಗಲು ಹತ್ತು ಕಾರಣಗಳಿವೆ, ಅದರಲ್ಲಿ ನಮಗೆ ಬೇಕಾದ್ದು ಒಂದೇ. ಅದಕ್ಕೇ ಈ ಬರಹದಲ್ಲಿ ಪ್ರಯೋಗ ಮಾಡುವುದಕ್ಕಿಂತ, ಬಂದ ಫಲವನ್ನು ಅನುಮಾನಿಸುವುದಕ್ಕೇ ಜಾಗ ಜಾಸ್ತಿ.

ಮೊದಲು, ಈ ಕಿಣ್ವ ಮಾಡುವುದೇನು?

ನಮ್ಮ ಪ್ರತಿ ಕೋಶದ ಡಿಎನ್‌ಎಯಿಂದ ದಿನಕ್ಕೆ ಅದರ ಅಕ್ಷರಗಳಾದ ಸುಮಾರು 10,000 ಬೇಸ್‌ಗಳು ತಾವಾಗಿಯೇ ಉದುರುತ್ತವೆ. ಯಾರೂ ವಿಷ ಹಾಕಬೇಕಿಲ್ಲ, ಮೈಯೊಳಗಿನ ನೀರು, ಶಾಖ ಸಾಕು. ಡಿಎನ್‌ಎ ಇಷ್ಟು ನಾಜೂಕಾದ ವಸ್ತು ಎಂದು ಲೆಕ್ಕ ಹಾಕಿ ತೋರಿಸಿದವರು ತೋಮಸ್ ಲಿಂಡಾಲ್. 2015ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ, ಪಾಲ್ ಮೋಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ ಸೇರಿ ಬಂತು.

ಬೇಸ್ ಉದುರಿದ ಜಾಗಕ್ಕೆ ಎಪಿ ಸೈಟ್ ಎನ್ನುತ್ತಾರೆ. ಹಲ್ಲು ಬಿದ್ದ ವಸಡಿನ ಹಾಗೆ: ಸಾಲು ಇದೆ, ಮಧ್ಯೆ ಖಾಲಿ. ಎಪಿಇ1 ಬಂದು ಆ ಖಾಲಿ ಜಾಗದ 5-ಪ್ರೈಮ್ ಬದಿಯಲ್ಲಿ (ಎಳೆಯ ಒಂದು ತುದಿಗೆ 5-ಪ್ರೈಮ್, ಇನ್ನೊಂದಕ್ಕೆ 3-ಪ್ರೈಮ್ ಎಂದು ಹೆಸರು) ಎಳೆಯನ್ನು ಕತ್ತರಿಸುತ್ತದೆ. ಆಮೇಲೆ ಪಾಲಿಮರೇಸ್ ಬೀಟಾ ಸರಿಯಾದ ಅಕ್ಷರ ತುಂಬುತ್ತದೆ, ಲೈಗೇಸ್ ಹೊಲಿಯುತ್ತದೆ. ಎಪಿಇ1ರಲ್ಲಿ 318 ಅಮೈನೋ ಆಮ್ಲಗಳಿವೆ. ಕತ್ತರಿಸಲು ಮೆಗ್ನೀಸಿಯಂ ಬೇಕೇ ಬೇಕು. ಇದೇ ಪ್ರೋಟೀನಿಗೆ ಇನ್ನೊಂದು ಉದ್ಯೋಗವೂ ಇದೆ: ಕೆಲವು ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನುಗಳ ರೆಡಾಕ್ಸ್ (ಎಲೆಕ್ಟ್ರಾನ್ ಕೊಡುವ-ಪಡೆಯುವ) ಸ್ಥಿತಿ ಬದಲಿಸುವುದು. ಅದಕ್ಕೇ ಇದರ ಇನ್ನೊಂದು ಹೆಸರು ರೆಫ್-1. ಈ ಎರಡನೇ ಉದ್ಯೋಗವನ್ನು ನೆನಪಿಡಿ, ಕಂಟ್ರೋಲ್, ಅಂದರೆ ಹೋಲಿಕೆಗೆ ಇಡುವ ವಸ್ತು, ಆರಿಸುವಾಗ ಇದು ಕೈಕೊಡುತ್ತದೆ.

ತಡೆಯುವುದೇಕೆ? ಕೀಮೋಥೆರಪಿಯ ಹಲವು ಔಷಧಗಳು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ಕೋಶ ಅದನ್ನು ರಿಪೇರಿ ಮಾಡಿಕೊಂಡು ಬದುಕುತ್ತದೆ. ರಿಪೇರಿಯವನನ್ನೇ ತಡೆದರೆ? ಪಾರ್ಪ್ ಎಂಬ ಇನ್ನೊಂದು ರಿಪೇರಿ ಕಿಣ್ವದ ವಿಷಯದಲ್ಲಿ ಈ ಯೋಚನೆ ಫಲ ಕೊಟ್ಟಿದೆ. ಬಿಆರ್‌ಸಿಎ ಎಂಬ ಜೀನ್‌ಗಳಲ್ಲಿ ದೋಷವಿರುವ ಅಂಡಾಶಯದ ಕ್ಯಾನ್ಸರಿಗೆ ಪಾರ್ಪ್ ತಡೆಯುವ ಒಲಾಪರಿಬ್ 2014ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎಪಿಇ1ರ ಕತ್ತರಿ ಕೆಲಸವನ್ನು ತಡೆಯುವ ಔಷಧ ಮಾತ್ರ ಇನ್ನೂ ಆಸ್ಪತ್ರೆಯ ಕಪಾಟು ಸೇರಿಲ್ಲ.

ಹೆಜ್ಜೆ 1: ಹೊಳೆಯುವ ಡಿಎನ್‌ಎ ತಯಾರಿ

30 ಅಕ್ಷರದ ಒಂದು ಎಳೆ ಆರ್ಡರ್ ಮಾಡಿ. ಅದರ 7ನೇ ಜಾಗದಲ್ಲಿ ಬೇಸ್ ಬದಲು ಟೆಟ್ರಾಹೈಡ್ರೋಫ್ಯೂರಾನ್ ಇರಲಿ. ಲ್ಯಾಬಿನಲ್ಲಿ ಎಲ್ಲರೂ ಟಿಎಚ್‌ಎಫ್ ಅಂತಲೇ ಅನ್ನುವುದು. ನಿಜವಾದ ಎಪಿ ಸೈಟ್ ತಾನಾಗಿಯೇ ಮುರಿಯುತ್ತದೆ, ಫ್ರೀಜರಿನಲ್ಲಿಟ್ಟರೂ ನಂಬುವ ಹಾಗಿಲ್ಲ. ಟಿಎಚ್‌ಎಫ್ ಗಟ್ಟಿ, ಎಪಿಇ1 ಅದನ್ನೂ ಖುಷಿಯಿಂದ ಕತ್ತರಿಸುತ್ತದೆ.

ಈ ಎಳೆಯ 5-ಪ್ರೈಮ್ ತುದಿಗೆ ಹೊಳೆಯುವ ಬಣ್ಣ ಇರಬೇಕು. ಎದುರಿನ ಎಳೆಯ 3-ಪ್ರೈಮ್ ತುದಿಗೆ ಹೊಳಪು ನುಂಗುವ ಕ್ವೆಂಚರ್. ಎರಡೂ ಜೋಡಿಯಾಗಿದ್ದಾಗ ಕತ್ತಲು. ಕಿಣ್ವ ಕತ್ತರಿಸಿದಾಗ 6 ಅಕ್ಷರದ ಚೂರು ಸಿಗುತ್ತದೆ. ಅಷ್ಟು ಪುಟ್ಟ ಚೂರಿಗೆ ಎದುರು ಎಳೆಯನ್ನು ಹಿಡಿದು ನಿಲ್ಲುವ ಶಕ್ತಿ ಇಲ್ಲ. ಕಳಚಿ ತೇಲುತ್ತದೆ, ಬೆಳಗುತ್ತದೆ. ಟಿಎಚ್‌ಎಫ್ ಅನ್ನು ಎಳೆಯ ನಡುವೆ, 15ನೇ ಜಾಗದಲ್ಲಿ ಹಾಕಿಸಿಕೊಂಡರೆ ಕಿಣ್ವ ಕತ್ತರಿಸಿದರೂ ಚೂರು ಅಂಟಿಕೊಂಡೇ ಇರುತ್ತದೆ, ನಿಮಗೆ ಏನೂ ಕಾಣುವುದಿಲ್ಲ. ಆರ್ಡರ್ ಹಾಕುವ ಮುನ್ನ ಜಾಗವನ್ನು ಎರಡು ಸಲ ಎಣಿಸಿ.

ಯಾವ ಬಣ್ಣ? ಫ್ಲೋರೆಸೀನ್ ಸುಲಭವಾಗಿ ಸಿಗುತ್ತದೆ, ಆದರೆ ಹಳದಿ ಸಂಯುಕ್ತಗಳೆಲ್ಲ ಅದರ ದಾರಿಗೆ ಅಡ್ಡ ಬರುತ್ತವೆ. ನಿಮ್ಮ ಪಟ್ಟಿಯಲ್ಲಿ ಗಿಡಮೂಲದ ವಸ್ತುಗಳು ಜಾಸ್ತಿ ಇದ್ದರೆ ಟಾಮ್ರಾ ತಗೊಳ್ಳಿ. ಕೆಂಪಿನ ಕಡೆ ಗಲಾಟೆ ಕಮ್ಮಿ.

ಬಣ್ಣದ ಎಳೆ 10 ಮೈಕ್ರೋಮೋಲಾರ್, ಕ್ವೆಂಚರ್ ಎಳೆ 12 ಮೈಕ್ರೋಮೋಲಾರ್ ಸೇರಿಸಿ. ಕ್ವೆಂಚರ್ ತುಸು ಹೆಚ್ಚಿರಬೇಕು, ಇಲ್ಲದಿದ್ದರೆ ಒಂಟಿ ಬಣ್ಣದ ಎಳೆಗಳು ಮೊದಲೇ ಹೊಳೆಯುತ್ತಾ ಕೂರುತ್ತವೆ. 10 ಮಿಲಿಮೋಲಾರ್ ಟ್ರಿಸ್, 50 ಮಿಲಿಮೋಲಾರ್ ಉಪ್ಪು. 95 ಡಿಗ್ರಿಯಲ್ಲಿ 5 ನಿಮಿಷ, ಆಮೇಲೆ ಬಿಸಿ ಬ್ಲಾಕ್ ಆಫ್ ಮಾಡಿ ತಾನಾಗಿ ಆರಲು ಬಿಡಿ. ಚಹಾ ಕುಡಿದು ಬನ್ನಿ. ಫಾಯಿಲ್ ಸುತ್ತುವುದು ಮರೆಯಬೇಡಿ.

ಹೆಜ್ಜೆ 2: ಕಿಣ್ವ ಮತ್ತು ಬಫರ್

ಕಿಣ್ವವನ್ನು ಕೊಳ್ಳಬಹುದು ಅಥವಾ ಇ. ಕೋಲೈಯಲ್ಲಿ ಬೆಳೆಸಿ ಶುದ್ಧ ಮಾಡಬಹುದು. ನೀವೇ ಮಾಡಿದರೆ ಒಂದು ಎಚ್ಚರಿಕೆ. ಇ. ಕೋಲೈಗೆ ಇದೇ ಕೆಲಸ ಮಾಡುವ ತನ್ನದೇ ಕಿಣ್ವವಿದೆ, ಎಕ್ಸೋನ್ಯೂಕ್ಲಿಯೇಸ್ III. ಎಪಿಇ1ರ ದೂರದ ಅಣ್ಣತಮ್ಮ. ಅದರ ಚೂರುಪಾರು ಉಳಿದರೂ ನೀವು ಬ್ಯಾಕ್ಟೀರಿಯಾದ ಕಿಣ್ವಕ್ಕೆ ಔಷಧ ಹುಡುಕಿದ ಹಾಗಾಗುತ್ತದೆ. ಇದಕ್ಕೆ ಒಳ್ಳೆಯ ಉಪಾಯ: 210ನೇ ಆಸ್ಪಾರ್ಟಿಕ್ ಆಮ್ಲವನ್ನು ಆಸ್ಪರಾಜಿನ್‌ಗೆ ಬದಲಿಸಿದ ಸತ್ತ ಎಪಿಇ1 ಅನ್ನು ಅದೇ ದಿನ, ಅದೇ ಕಾಲಂನಲ್ಲಿ, ಅದೇ ರೀತಿ ಶುದ್ಧ ಮಾಡಿ. ಆ ಸತ್ತ ಕಿಣ್ವವೂ ಚೆನ್ನಾಗಿ ಕತ್ತರಿಸಿದರೆ ಕಳ್ಳ ಬೇರೆ ಯಾರೋ ಇದ್ದಾನೆ ಅಂತ ಅರ್ಥ.

ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಹೀಗಿರಲಿ: ಟ್ರಿಸ್ 50 ಮಿಲಿಮೋಲಾರ್ (ಪಿಎಚ್ 8.0), ಸೋಡಿಯಂ ಕ್ಲೋರೈಡ್ 50, ಮೆಗ್ನೀಸಿಯಂ ಕ್ಲೋರೈಡ್ 5, ಡಿಟಿಟಿ 1 ಮಿಲಿಮೋಲಾರ್, ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಮಿಲಿಲೀಟರಿಗೆ 0.1 ಮಿಲಿಗ್ರಾಂ, ಟ್ರೈಟನ್ ಎಕ್ಸ್-100 (ಸಾಬೂನಿನಂಥ ವಸ್ತು) 0.01%. ಕೊನೆಯ ಎರಡನ್ನು ಬಿಡಬೇಡಿ. ಕಿಣ್ವವನ್ನು ನ್ಯಾನೋಮೋಲಾರ್ ಮಟ್ಟಕ್ಕೆ ತೆಳು ಮಾಡಿದಾಗ ಅದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮಾಯವಾಗುತ್ತದೆ. ಬಿಎಸ್‌ಎ ಅದನ್ನು ತಡೆಯುತ್ತದೆ. ಟ್ರೈಟನ್ ಯಾಕೆ ಅಂತ ಮುಂದೆ ಹೇಳುತ್ತೇನೆ. ತೆಳು ಮಾಡಿದ ಕಿಣ್ವವನ್ನು ನಾಳೆಗೆ ಅಂತ ಎತ್ತಿಡಬೇಡಿ, ಅದು ನಿನ್ನೆಯ ಉಪ್ಪಿಟ್ಟಲ್ಲ.

ಈಗ ಕಿಣ್ವ ಎಷ್ಟು ಬೇಕು? ಪುಸ್ತಕ ನೋಡಬೇಡಿ, ನಿಮ್ಮ ಬ್ಯಾಚನ್ನೇ ಕೇಳಿ. 2 ನ್ಯಾನೋಮೋಲಾರ್‌ನಿಂದ ಶುರುಮಾಡಿ ಅರ್ಧರ್ಧ ಇಳಿಸುತ್ತಾ ಆರು ಸಾಲು ಓಡಿಸಿ. ಡಿಎನ್‌ಎ 50 ನ್ಯಾನೋಮೋಲಾರ್. 30 ಸೆಕೆಂಡಿಗೊಮ್ಮೆ ಓದಿಸಿ. ಮೊದಲ 10 ನಿಮಿಷ ಗೆರೆ ನೇರವಾಗಿ ಏರಬೇಕು, ಅಷ್ಟರಲ್ಲಿ ಡಿಎನ್‌ಎ 10-15%ಕ್ಕಿಂತ ಹೆಚ್ಚು ಖರ್ಚಾಗಿರಬಾರದು. ಆ ಪ್ರಮಾಣವೇ ನಿಮ್ಮದು. ಎಪಿಇ1 ಬಹಳ ಚುರುಕಿನ ಕಿಣ್ವ. ನೀವು ಅಂದುಕೊಂಡದ್ದಕ್ಕಿಂತ ಕಮ್ಮಿಯೇ ಸಾಕಾಗುತ್ತದೆ.

ಹೆಜ್ಜೆ 3: ಸಂಯುಕ್ತಗಳ ಬಾಟಲಿ

ಎಲ್ಲವನ್ನೂ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, 10 ಮಿಲಿಮೋಲಾರ್. ಡಿಎಂಎಸ್‌ಒ 18.5 ಡಿಗ್ರಿಗೇ ಗಟ್ಟಿಯಾಗುತ್ತದೆ. ಎಸಿ ಜೋರಾಗಿಟ್ಟ ಕೋಣೆಯಲ್ಲಿ ವಯಲ್‌ನ ತಳದಲ್ಲಿ ಗಟ್ಟಿ, ಮೇಲೆ ದ್ರವ. ಪಿಪೆಟ್ ಮೇಲಿಂದ ಹೀರುತ್ತದೆ, ಪ್ರಮಾಣವೆಲ್ಲ ತಪ್ಪು. ನನ್ನ ಒಂದು ವಾರದ ಕೆಲಸ ಹೀಗೇ ಹಾಳಾಗಿದೆ. ವಯಲನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ವೋರ್ಟೆಕ್ಸ್ ಮಾಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ತೆಗೆಯಿರಿ. ಮಳೆಗಾಲದಲ್ಲಿ ಇನ್ನೊಂದು ಕಾಟ: ಡಿಎಂಎಸ್‌ಒ ಗಾಳಿಯ ತೇವ ಹೀರುತ್ತದೆ. ಮುಚ್ಚಳ ತೆರೆದಿಟ್ಟು ಮಾತಾಡುತ್ತಾ ನಿಲ್ಲಬೇಡಿ.

ತೆಳು ಮಾಡುವುದೂ ಡಿಎಂಎಸ್‌ಒದಲ್ಲೇ ಆಗಲಿ, ನೀರಿನಲ್ಲಿ ಬೇಡ. ನೀರಿಗೆ ಬಿದ್ದ ಕೂಡಲೇ ಎಷ್ಟೋ ಸಂಯುಕ್ತಗಳು ಕಾಣದ ಪುಡಿಯಾಗಿ ಕೂರುತ್ತವೆ.

ಹೆಜ್ಜೆ 4: ಪ್ಲೇಟ್ ಹಾಕುವುದು

96 ವೆಲ್‌ನ ಕಪ್ಪು ಪ್ಲೇಟ್. ಪ್ರತಿ ವೆಲ್‌ಗೆ ಕಿಣ್ವವಿರುವ ಬಫರ್ 49 ಮೈಕ್ರೋಲೀಟರ್. ಸಂಯುಕ್ತ 1 ಮೈಕ್ರೋಲೀಟರ್. 15 ನಿಮಿಷ ಕೋಣೆಯ ಬಿಸಿಗೆ ಬಿಡಿ, ಇಬ್ಬರಿಗೂ ಪರಿಚಯವಾಗಲಿ. ಆಮೇಲೆ ಅದೇ ಬಫರಿನಲ್ಲಿ ಮಾಡಿದ 100 ನ್ಯಾನೋಮೋಲಾರ್ ಡಿಎನ್‌ಎ 50 ಮೈಕ್ರೋಲೀಟರ್ ಹಾಕಿ ಶುರು. ಒಟ್ಟು 100, ಡಿಎಂಎಸ್‌ಒ 1%. ಮೊದಲ ಸುತ್ತಿಗೆ ಸಂಯುಕ್ತ 20 ಮೈಕ್ರೋಮೋಲಾರ್ ಇದ್ದರೆ ಸಾಕು.

ಮೊದಲ ಕಾಲಂ ಬರೀ ಡಿಎಂಎಸ್‌ಒ: ಪೂರ್ತಿ ವೇಗ. ಕೊನೆಯ ಕಾಲಂ 20 ಮಿಲಿಮೋಲಾರ್ ಇಡಿಟಿಎ (ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವ ವಸ್ತು): ಕಿಣ್ವಕ್ಕೆ ಮೆಗ್ನೀಸಿಯಂ ಇಲ್ಲ, ವೇಗ ಸೊನ್ನೆ. ಟಿಪ್ಪನ್ನು ದ್ರವದೊಳಗೇ ಇಟ್ಟು ಮೆಲ್ಲಗೆ ಒತ್ತಿ. ಟ್ರೈಟನ್ ಇರುವುದರಿಂದ ಗುಳ್ಳೆ ಏಳುತ್ತದೆ, ಒಂದು ಗುಳ್ಳೆ ಇಡೀ ವೆಲ್‌ನ ಲೆಕ್ಕ ಕೆಡಿಸುತ್ತದೆ. ಎದ್ದರೆ ಹೊಸ ಸೂಜಿಯ ಮೊನೆಯಿಂದ ಒಡೆಯಿರಿ. ಊದಬೇಡಿ.

ಓದುವುದು 10 ನಿಮಿಷ, ಬಿಡದೆ. ಕೊನೆಗೊಂದೇ ಓದು ತೆಗೆದುಕೊಂಡರೆ ಅರಿಶಿನದ ಕಥೆಯೇ ಮತ್ತೆ. ಗೆರೆಯ ಏರು ನೋಡಿ. ಸಮಯ ಸೊನ್ನೆಯಲ್ಲೇ ಬೆಳಕು ತೀರ ಹೆಚ್ಚೋ ಕಮ್ಮಿಯೋ ಇರುವ ವೆಲ್‌ಗಳಿಗೆ ಕೆಂಪು ಗುರುತು ಹಾಕಿ.

ಪ್ಲೇಟ್ ನಂಬಲು ಯೋಗ್ಯವೇ ಎಂದು ತಿಳಿಯಲು ಜೆಡ್-ಪ್ರೈಮ್ ಲೆಕ್ಕ ಹಾಕಿ. ಪೂರ್ತಿ ವೇಗದ ಸರಾಸರಿ 1,000, ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ 40 ಅಂದುಕೊಳ್ಳಿ. ಇಡಿಟಿಎ ಸರಾಸರಿ 100, ಡೀವಿಯೇಷನ್ 20. ಡೀವಿಯೇಷನ್ ಎರಡೂ ಕೂಡಿ 60, ಮೂರರಿಂದ ಗುಣಿಸಿ 180, ಸರಾಸರಿಗಳ ಅಂತರ 900ರಿಂದ ಭಾಗಿಸಿ 0.2. ಒಂದರಿಂದ ಕಳೆದರೆ 0.8. ಭೇಷ್. 0.5ಕ್ಕಿಂತ ಕಮ್ಮಿ ಬಂದರೆ ಆ ಪ್ಲೇಟಿನ ಫಲ ಪಕ್ಕಕ್ಕಿಡಿ, ಪಿಪೆಟ್ ನೋಡಿಕೊಳ್ಳಿ.

ಪಾಸಿಟಿವ್ ಕಂಟ್ರೋಲ್ ಆರಿಸುವಾಗ ಎಡವುವವರು ಬಹಳ

ಕಿಣ್ವವನ್ನು ತಡೆಯುತ್ತದೆ ಎಂದು ಮೊದಲೇ ಗೊತ್ತಿರುವ ಸಂಯುಕ್ತವೇ ಪಾಸಿಟಿವ್ ಕಂಟ್ರೋಲ್. ಆದರೆ ಪೇಪರುಗಳಲ್ಲಿ "ಎಪಿಇ1 ಇನ್ಹಿಬಿಟರ್" (ಎಪಿಇ1 ತಡೆಯುವ ವಸ್ತು) ಅಂತ ಒಂದೇ ಸಾಲಿನಲ್ಲಿ ಕೂರಿಸಿದ ಹೆಸರುಗಳೆಲ್ಲ ಒಂದೇ ಜಾತಿಯವಲ್ಲ.

ಮೆಥಾಕ್ಸಿಅಮೈನ್ ಕಿಣ್ವವನ್ನು ಮುಟ್ಟುವುದೇ ಇಲ್ಲ. ಅದು ಎಪಿ ಸೈಟಿನ ಆಲ್ಡಿಹೈಡ್‌ಗೆ ಅಂಟಿ, ಕತ್ತರಿಗೆ ಸಿಗದಂತೆ ಮಾಡುತ್ತದೆ. ನಮ್ಮ ಟಿಎಚ್‌ಎಫ್‌ನಲ್ಲಿ ಆಲ್ಡಿಹೈಡ್ ಎಲ್ಲಿದೆ? ಹಾಗಾಗಿ ಈ ಪ್ರಯೋಗದಲ್ಲಿ ಮೆಥಾಕ್ಸಿಅಮೈನ್ ಏನೂ ಮಾಡುವುದಿಲ್ಲ. ಇದನ್ನೇ ಕಂಟ್ರೋಲ್ ಮಾಡಿಕೊಂಡು "ಅಸ್ಸೇ ಕೆಲಸ ಮಾಡ್ತಿಲ್ಲ" ಅಂತ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ. ಇ3330 ಎಂಬುದು ರೆಡಾಕ್ಸ್ ಉದ್ಯೋಗವನ್ನು ತಡೆಯುವ ವಸ್ತು, ಕತ್ತರಿಯನ್ನಲ್ಲ. ಲ್ಯೂಕಾಂಥೋನ್ ಒಂದು ಕಾಲದಲ್ಲಿ ಶಿಸ್ಟೊಸೋಮಿಯಾಸಿಸ್ ಎಂಬ ಹುಳುವಿನ ಕಾಯಿಲೆಗೆ ಕೊಡುತ್ತಿದ್ದ ಔಷಧ. ಕಿಣ್ವವನ್ನು ತಡೆಯುತ್ತದೆ ನಿಜ, ಆದರೆ ಡಿಎನ್‌ಎಯೊಳಗೂ ನುಸುಳುತ್ತದೆ, ಟೊಪೊಐಸೋಮರೇಸ್ II ಎಂಬ ಬೇರೆ ಕಿಣ್ವವನ್ನೂ ಕೆಣಕುತ್ತದೆ. 2005ರಲ್ಲಿ ಬಂದ ಸಿಆರ್‌ಟಿ0044876 ಬಹಳ ಹೆಸರು ಮಾಡಿತು, ಆದರೆ ಆಮೇಲೆ ಕೆಲವು ಲ್ಯಾಬ್‌ಗಳಿಗೆ ಅದೇ ಫಲ ಸಿಗಲಿಲ್ಲ. ಅಂಗಡಿಯಲ್ಲಿ "ಎಪಿಇ1 ಇನ್ಹಿಬಿಟರ್ III" ಎಂಬ ಹೆಸರಿನಲ್ಲಿ ಸಿಗುವುದು ಈ ಕತ್ತರಿ ಪ್ರಯೋಗದಿಂದಲೇ ಹುಟ್ಟಿದ್ದು, ಕೆಲವೇ ಮೈಕ್ರೋಮೋಲಾರ್‌ನಲ್ಲಿ ತಡೆಯುತ್ತದೆ. ನಾನು ಅದನ್ನೇ ಇಡುತ್ತೇನೆ.

ಹೆಜ್ಜೆ 5: ಸುಳ್ಳು ಹಿಟ್‌ಗಳನ್ನು ಹಿಡಿಯುವುದು

ಬೆಳಕು ಇಳಿಸಿದ ಸಂಯುಕ್ತಗಳ ಪಟ್ಟಿ ಸಿಕ್ಕಿತು. ಈಗ ಒಂದೊಂದನ್ನೂ ಸಾಕ್ಷಿಕಟ್ಟೆಗೆ ಹತ್ತಿಸಿ.

ಮೊದಲ ಪ್ರಶ್ನೆ ಅರಿಶಿನದ್ದೇ. ಕೆಲಸ ಮುಗಿದ ವೆಲ್‌ಗೆ ಸಂಯುಕ್ತ ಹಾಕಿ. ಬೆಳಕು ಬಿದ್ದರೆ ಅದು ಹೊಳಪು ನುಂಗುವ ವಸ್ತು. ಐದು ನಿಮಿಷದ ಕೆಲಸ, ಪಟ್ಟಿಯ ಒಂದಷ್ಟು ಹೆಸರು ಇಲ್ಲೇ ಉದುರುತ್ತವೆ.

ಎರಡನೆಯದು ಉಂಡೆ ಕಟ್ಟುವವರು. ಕೆಲವು ಸಂಯುಕ್ತಗಳು ನೀರಿನಲ್ಲಿ ಸಣ್ಣ ಸಣ್ಣ ಉಂಡೆಗಳಾಗಿ, ಮೈಮೇಲೆ ಕಿಣ್ವವನ್ನು ಅಂಟಿಸಿಕೊಂಡು ಕೂರುತ್ತವೆ. ಯಾವ ಕಿಣ್ವ ಕೊಟ್ಟರೂ ತಡೆಯುತ್ತವೆ. ಟ್ರೈಟನ್ ಇದ್ದರೆ ಉಂಡೆ ಒಡೆಯುತ್ತದೆ. ಬಫರಿನಲ್ಲಿ ಈಗಾಗಲೇ ಇರುವ ಟ್ರೈಟನ್ ಅನ್ನು ಹೆಚ್ಚಿಸಿದಾಗ ತಡೆ ಕರಗಿದರೆ ಕೈಬಿಡಿ.

ಮೂರನೆಯದು ಮೆಗ್ನೀಸಿಯಂ ಕದಿಯುವವರು. ಪ್ರಯೋಗವನ್ನು 2 ಮಿಲಿಮೋಲಾರ್ ಮತ್ತು 10 ಮಿಲಿಮೋಲಾರ್ ಮೆಗ್ನೀಸಿಯಂನಲ್ಲಿ ಮಾಡಿ. ಮೆಗ್ನೀಸಿಯಂ ಹೆಚ್ಚಿದಾಗ ತಡೆ ಕರಗಿದರೆ ಅನುಮಾನಿಸಿ. ಕಿಣ್ವದ ವೇಗವೇ ಮೆಗ್ನೀಸಿಯಂ ಜೊತೆ ಬದಲಾಗುತ್ತದೆ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಡಿಎಂಎಸ್‌ಒ ಕಂಟ್ರೋಲ್ ಬೇಕು.

ನಾಲ್ಕನೆಯದೇ ನನಗೆ ಇಷ್ಟದ ಪರೀಕ್ಷೆ. ಇ. ಕೋಲೈಯಲ್ಲಿ ಎಂಡೋನ್ಯೂಕ್ಲಿಯೇಸ್ IV ಅಂತ ಇನ್ನೊಂದು ಕಿಣ್ವವಿದೆ. ಕೆಲಸ ಎಪಿಇ1ರದ್ದೇ, ಆದರೆ ಆಕಾರಕ್ಕೂ ಆಕಾರಕ್ಕೂ ಸಂಬಂಧವಿಲ್ಲ. ಒಳಗೆ ಸತುವಿನ ಅಯಾನುಗಳನ್ನು ಭದ್ರವಾಗಿ ಹಿಡಿದಿರುತ್ತದೆ, ಮೆಗ್ನೀಸಿಯಂ ಬೇಡ, ಇಡಿಟಿಎ ಇದ್ದರೂ ಕತ್ತರಿಸುತ್ತದೆ. ಅದೇ ಡಿಎನ್‌ಎ, ಅದೇ ಸಂಯುಕ್ತ, ಕಿಣ್ವ ಮಾತ್ರ ಇದು. ಇದನ್ನೂ ನಿಲ್ಲಿಸಿದರೆ ನಿಮ್ಮ ಸಂಯುಕ್ತ ಹೆಚ್ಚಾಗಿ ಡಿಎನ್‌ಎ ಮೇಲೆ ಕೂತಿದೆ, ಕಿಣ್ವದ ಮೇಲಲ್ಲ. ಎಪಿಇ1 ನಿಂತು ಇದು ಓಡುತ್ತಿದ್ದರೆ, ಆ ದಿನ ಒಂದು ಕಾಫಿ ಜಾಸ್ತಿ ಕುಡಿಯಬಹುದು.

ಗಿಡಮೂಲದ ಕಷಾಯ, ಸಾರಗಳನ್ನು ನೇರವಾಗಿ ಪ್ಲೇಟಿಗೆ ಹಾಕುವವರಿಗೆ ಒಂದು ಮಾತು. ಅಳಲೆಕಾಯಿ, ನೆಲ್ಲಿಕಾಯಿ ಸಾರದಲ್ಲಿ ಟ್ಯಾನಿನ್ ತುಂಬಿರುತ್ತದೆ. ಟ್ಯಾನಿನ್ ಎಲ್ಲಾ ಪ್ರೋಟೀನಿಗೂ ಅಂಟುತ್ತದೆ. ಅದನ್ನು ತೆಗೆಯದೆ ಮಾಡಿದರೆ ಪ್ರತಿ ಗಿಡವೂ ಕ್ಯಾನ್ಸರ್ ಮದ್ದಾಗಿ ಕಾಣುತ್ತದೆ. ನಮ್ಮ ಕಡೆಯ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಇದು ಎಷ್ಟು ಸಲ ಆಗಿದೆಯೋ!

ಹೆಜ್ಜೆ 6: ಜೆಲ್ ಮೇಲೆ ಕಣ್ಣಾರೆ ನೋಡುವುದು

ಉಳಿದವಕ್ಕೆ ಕ್ವೆಂಚರ್ ಇಲ್ಲದ ಡಿಎನ್‌ಎ ಬಳಸಿ, ಚೂರುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿ. 20% ಅಕ್ರಿಲಮೈಡ್, 7 ಮೋಲಾರ್ ಯೂರಿಯಾ. ಅಕ್ರಿಲಮೈಡ್ ಗಟ್ಟಿಯಾಗುವ ಮುಂಚೆ ನರಗಳಿಗೆ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಫಾರ್ಮಮೈಡ್ ಮತ್ತು ಇಡಿಟಿಎ ಹಾಕಿ ಪ್ರಯೋಗ ನಿಲ್ಲಿಸಿ, ಕುದಿಸಿ, ಲೋಡ್ ಮಾಡಿ. ಇಂಥ ಜೆಲ್‌ನಲ್ಲಿ ಬ್ರೋಮೋಫಿನಾಲ್ ಬ್ಲೂ ಎಂಬ ನೀಲಿ ಬಣ್ಣ ಸುಮಾರು 8 ಅಕ್ಷರದ ಚೂರಿನ ಜೊತೆ ಓಡುತ್ತದೆ. ನಿಮ್ಮ 6 ಅಕ್ಷರದ ಚೂರು ಅದರ ಆಸುಪಾಸಿನಲ್ಲೇ ಇರುತ್ತದೆ. ನೀಲಿ ಗೆರೆ ಕೆಳಗಿಳಿದು ಹೋಗುವವರೆಗೆ ಓಡಿಸಿದರೆ ಫಲವೂ ಬಕೆಟ್ಟಿಗೆ ಹೋಗುತ್ತದೆ. ನೀಲಿ ಬಣ್ಣ ಹೊಳಪನ್ನೂ ಮುಚ್ಚುತ್ತದೆ. ಅದಕ್ಕೇ ಬಣ್ಣವನ್ನು ಪಕ್ಕದ ಖಾಲಿ ಲೇನಿಗೆ ಮಾತ್ರ ಹಾಕಿ.

ಸಂಯುಕ್ತ ಹೆಚ್ಚಿದಂತೆ ಕೆಳಗಿನ ಪಟ್ಟೆ ಮಾಸಬೇಕು, ಮೇಲಿನದು ಗಟ್ಟಿಯಾಗಬೇಕು. ಎರಡೂ ಮಾಸಿದರೆ ಲೋಡಿಂಗ್ ತಪ್ಪಿದೆ.

ಹೆಜ್ಜೆ 7: ಐಸಿ50

ಕಿಣ್ವದ ವೇಗವನ್ನು ಅರ್ಧಕ್ಕೆ ಇಳಿಸುವ ಸಂಯುಕ್ತದ ಪ್ರಮಾಣವೇ ಐಸಿ50. ಮೂರುಪಟ್ಟು ತೆಳು ಮಾಡುತ್ತಾ ಎಂಟು ಹಂತ: 100, 33, 11, 3.7, 1.2, 0.41, 0.14, 0.046 ಮೈಕ್ರೋಮೋಲಾರ್. ಪ್ರತಿ ಹಂತಕ್ಕೂ ಮೂರು ವೆಲ್, ಬೇರೆ ಬೇರೆ ಮೂರು ದಿನ. ಗೆರೆ ಎಳೆದ ಮೇಲೆ ಐಸಿ50 ಮಾತ್ರ ನೋಡಬೇಡಿ, ಇಳಿಜಾರನ್ನೂ ನೋಡಿ. ಹಿಲ್ ಸ್ಲೋಪ್ ಎಂಬ ಆ ಇಳಿಜಾರು 1ರ ಹತ್ತಿರ ಇದ್ದರೆ ಒಂದಕ್ಕೊಂದು ಅಂಟುವ ಸಾಮಾನ್ಯ ಲೆಕ್ಕ. 3 ದಾಟಿದರೆ ಉಂಡೆ ಕಟ್ಟುವವರ ವಾಸನೆ. ಐಸಿ50 ಕಿಣ್ವದ ಪ್ರಮಾಣದ ಅರ್ಧಕ್ಕಿಂತ ಕಮ್ಮಿ ಬಂದರೆ ಖುಷಿಪಡಬೇಡಿ. ಒಂದು ಅಣು ಒಂದು ಕಿಣ್ವವನ್ನು ತಡೆಯುವುದಾದರೆ ಅದು ಲೆಕ್ಕಕ್ಕೇ ನಿಲುಕದ್ದು. ಕಿಣ್ವ ನೀವಂದುಕೊಂಡಷ್ಟು ಅಲ್ಲಿ ಇಲ್ಲ.

ಹೆಜ್ಜೆ 8: ಬಾಟಲಿಯಲ್ಲಿರುವುದು ಅದೇನಾ?

ಇದಕ್ಕೆ ನಮ್ಮ ಬೆಂಗಳೂರಿನ ಉದಾಹರಣೆಯೇ ಇದೆ, ಕಿಣ್ವ ಬೇರೆ ಅಷ್ಟೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ರಾಘವನ್ ಅವರ ತಂಡ 2012ರಲ್ಲಿ ಎಸ್‌ಸಿಆರ್7 ಎಂಬ ಸಂಯುಕ್ತವನ್ನು ಪ್ರಕಟಿಸಿತು. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಹೊಲಿಯುವ ಲೈಗೇಸ್ IV ಅನ್ನು ತಡೆಯುವ ವಸ್ತು. 2015ರ ಹೊತ್ತಿಗೆ ಕ್ರಿಸ್ಪರ್ ವಿಧಾನದಿಂದ ಜೀನ್ ತಿದ್ದುವವರೂ ಇದನ್ನು ಬಳಸತೊಡಗಿದರು. 2016ರಲ್ಲಿ ಬೇರೊಂದು ತಂಡ, ಇದು ಆ ಕಿಣ್ವಕ್ಕೆ ಪ್ರಬಲವೂ ಅಲ್ಲ, ನಿರ್ದಿಷ್ಟವೂ ಅಲ್ಲ ಎಂದು ಬರೆಯಿತು. 2018ರಲ್ಲಿ ಬೆಂಗಳೂರಿನ ತಂಡ ತನ್ನ ಕಡೆಯ ಪ್ರಯೋಗಗಳನ್ನು ಮುಂದಿಟ್ಟಿತು. ಈ ಚರ್ಚೆಯ ಒಂದು ಮುಖ್ಯ ಎಳೆ ಏನು ಗೊತ್ತಾ? ಅಣು ತಾನೇ ಸುತ್ತಿಕೊಂಡು ಉಂಗುರವಾಗುತ್ತದೆ, ಹಾಗಾದ ರೂಪಕ್ಕೂ ಜನ ಅದೇ ಹೆಸರು ಹೇಳುತ್ತಿದ್ದರು. ಯಾರ ಬಾಟಲಿಯಲ್ಲಿ ಯಾವ ರೂಪ ಇತ್ತು ಎಂಬುದೇ ಪ್ರಶ್ನೆಯಾಯಿತು.

ಹಾಗಾಗಿ ಗೆದ್ದು ಬಂದ ಸಂಯುಕ್ತವನ್ನು ಇನ್ನೊಂದು ಕಂಪನಿಯಿಂದ ಹೊಸದಾಗಿ ತರಿಸಿ. ಒಳಗಿರುವ ಅಣು ಯಾವುದೆಂದು ತೋರಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಮತ್ತು ಎನ್‌ಎಂಆರ್ ಮಾಡಿಸಿ. ಹಳೆಯ ಪುಡಿ, ಹೊಸ ಪುಡಿ ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಇಡಿ. ಹಳೆಯದು ಮಾತ್ರ ತಡೆದರೆ, ತಡೆಯುತ್ತಿದ್ದದ್ದು ಅದರೊಳಗಿನ ಕಲಬೆರಕೆ.

ಹೆಜ್ಜೆ 9: ಕೋಶದೊಳಗೆ

ಇಲ್ಲಿಂದ ಮುಂದೆ ಅದೇ ಒಂದು ದೊಡ್ಡ ಕೆಲಸ, ಶುರುವಿನ ತುದಿ ಮಾತ್ರ ಹೇಳುತ್ತೇನೆ. ಮೊದಲು ಸಂಯುಕ್ತ ಒಂದೇ ಎಷ್ಟು ಕೋಶ ಕೊಲ್ಲುತ್ತದೆ ನೋಡಿ. ತೀರ ಕಮ್ಮಿ ಕೊಲ್ಲುವ ಪ್ರಮಾಣ ಆರಿಸಿ. ಅದರ ಜೊತೆ ಎಂಎಂಎಸ್ ಎಂಬ ಡಿಎನ್‌ಎ ಕೆಡಿಸುವ ರಾಸಾಯನಿಕ ಸೇರಿಸಿ. ಎಂಎಂಎಸ್ ಮಾಡುವ ಗಾಯಗಳ ರಿಪೇರಿ ಬಹುಪಾಲು ಎಪಿಇ1ರ ದಾರಿಯಲ್ಲೇ ಹೋಗುತ್ತದೆ. ಅನೇಕರು ನೇರವಾಗಿ ಕೀಮೋ ಔಷಧವಾದ ಟೆಮೊಜೊಲೊಮೈಡ್‌ಗೆ ಹಾರುತ್ತಾರೆ. ಅದರ ಅತಿ ಮಾರಕ ಗಾಯವನ್ನು ಎಂಜಿಎಂಟಿ ಎಂಬ ಬೇರೆ ಪ್ರೋಟೀನ್ ಸರಿಮಾಡುತ್ತದೆ. ನಿಮ್ಮ ಕೋಶದಲ್ಲಿ ಎಂಜಿಎಂಟಿ ಎಷ್ಟಿದೆ ಅಂತ ಗೊತ್ತಿಲ್ಲದೆ ಬಂದ ಫಲ ಓದಲು ಬರುವುದಿಲ್ಲ.

ಕೋಶಗಳು ಹೆಚ್ಚು ಸತ್ತವು ಅಂದುಕೊಳ್ಳಿ. ಆಗ ಅವುಗಳ ಡಿಎನ್‌ಎ ತೆಗೆದು ಎಪಿ ಸೈಟ್ ಎಣಿಸಿ. ಆಲ್ಡಿಹೈಡ್‌ಗೆ ಅಂಟುವ ಬಯೋಟಿನ್ ಪ್ರೋಬ್‌ನ ಕಿಟ್ ಸಿಗುತ್ತದೆ. ಎಪಿಇ1 ನಿಜಕ್ಕೂ ನಿಂತಿದ್ದರೆ ಕತ್ತರಿಸದ ಸೈಟ್‌ಗಳು ರಾಶಿ ಬೀಳಬೇಕು. ಕೋಶ ಸತ್ತು, ಸೈಟ್ ಹೆಚ್ಚಾಗದಿದ್ದರೆ ನಿಮ್ಮ ಸಂಯುಕ್ತ ಬೇರೆ ಯಾವುದೋ ಬಾಗಿಲಿನಿಂದ ಒಳಗೆ ಹೋಗಿದೆ. ಆಗ ಮತ್ತೆ ಎಂಡೋನ್ಯೂಕ್ಲಿಯೇಸ್ IV ಪ್ಲೇಟಿನ ಫಲ ತೆಗೆದು ನೋಡಿ.